ಬಿಟ್ಟ ಓಟ: ಕಳೆಯುವ ಕ್ರಮ, ಮರಳುವ ಕ್ರಮ

ಶರೀರದ ಸಾಮರ್ಥ್ಯವು ಒಮ್ಮೆ ಸಂಪಾದಿಸಿ ಪೆಟ್ಟಿಗೆಯಲ್ಲಿ ಇಟ್ಟುಬಿಡುವ ಒಡವೆಯಂತಹುದಲ್ಲ. ಅದು ನಿತ್ಯದ ಬಳಕೆಯಿಂದ ನಿಲ್ಲುವಂತಹುದು. ಬಳಕೆ ನಿಂತರೆ ತಾನೂ ಕುಗ್ಗುವಂತಹುದು. ಓಟದ ಅಭ್ಯಾಸವುಳ್ಳವರಿಗೆ ಈ ಮಾತು ಅನುಭವದಿಂದಲೇ ತಿಳಿದಿರುತ್ತದೆ. ಆದರೆ ಎಷ್ಟು ದಿನಕ್ಕೆ ಎಷ್ಟು ಕುಗ್ಗುತ್ತದೆ, ಮೊದಲು ಯಾವುದು ಕಳೆಯುತ್ತದೆ, ಮರಳಿ ಬರುವಾಗ ಯಾವುದು ಮೊದಲು ಬರುತ್ತದೆ ಎಂಬ ವಿವೇಕವು ಎಲ್ಲರಿಗೂ ಇರುವುದಿಲ್ಲ.

ಬೆಳಗಿನ ಹೊತ್ತು ಓಡುವ ರೂಢಿ ಈಗ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ಹರಡಿದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ಓಟಕ್ಕೆ ಸಹಸ್ರಾರು ಜನ ಸೇರುತ್ತಾರೆ. ಹೀಗೆ ಓಡುವವರ ಅಭ್ಯಾಸಕ್ಕೆ ನಡುವೆ ವಿರಾಮ ಬರುವುದು ಸಹಜ. ಜ್ವರ, ಪರೀಕ್ಷೆ, ಮನೆಯ ಮದುವೆ, ವರ್ಗಾವಣೆ, ಮಳೆಗಾಲ, ಪರ್ವದ ಉಪವಾಸ, ಇವೆಲ್ಲ ಅದಕ್ಕೆ ಕಾರಣಗಳು. 2020ರ ಸಾಂಕ್ರಾಮಿಕದ ಕಾಲದಲ್ಲಿ ಅನೇಕರು ತಿಂಗಳುಗಟ್ಟಲೆ ಮನೆಯಲ್ಲಿಯೇ ಉಳಿದರು. ವಿರಾಮದ ನಂತರ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಒಬ್ಬನು ಎಲ್ಲವೂ ಹೋಯಿತೆಂದು ಬಗೆದು ಅಭ್ಯಾಸವನ್ನೇ ತ್ಯಜಿಸುತ್ತಾನೆ. ಇನ್ನೊಬ್ಬನು ಏನೂ ಹೋಗಿಲ್ಲವೆಂದು ಬಗೆದು, ಬಿಟ್ಟ ಜಾಗದಿಂದಲೇ ಓಡಲು ಹೊರಟು ಕಾಲು ಕೆಡಿಸಿಕೊಳ್ಳುತ್ತಾನೆ. ಇಬ್ಬರ ತಪ್ಪಿಗೂ ಮೂಲವು ಒಂದೇ: ಕಳೆಯುವ ಕ್ರಮವನ್ನೂ ಮರಳುವ ಕ್ರಮವನ್ನೂ ಅರಿಯದಿರುವುದು. ಅವೆರಡನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಓಟದ ಸಾಮರ್ಥ್ಯದ ಅಂಗಗಳು

ಓಟದ ಸಾಮರ್ಥ್ಯವು ಮೂರು ಅಂಗಗಳ ಕೂಟ. ಮೊದಲನೆಯದು ರಕ್ತ ಮತ್ತು ಹೃದಯ. ನಿಯಮದಿಂದ ಓಡುವವನ ದೇಹದಲ್ಲಿ ರಕ್ತದ ದ್ರವಭಾಗವು ಹೆಚ್ಚುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಹಾಕುತ್ತದೆ. ಆದುದರಿಂದ ಅದೇ ವೇಗದ ಓಟಕ್ಕೆ ಕಡಿಮೆ ಬಡಿತಗಳು ಸಾಕಾಗುತ್ತವೆ. ಎರಡನೆಯದು ಮಾಂಸಖಂಡಗಳ ಒಳಗಿನ ವ್ಯವಸ್ಥೆ. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಾ ಎಂಬ ಸೂಕ್ಷ್ಮ ಭಾಗಗಳೂ, ಅವುಗಳಿಗೆ ರಕ್ತವನ್ನು ತಲುಪಿಸುವ ಲೋಮನಾಳಗಳೂ ಅಭ್ಯಾಸದಿಂದ ವೃದ್ಧಿ ಹೊಂದುತ್ತವೆ. ಮೂರನೆಯದು ಎಲುಬು ಮತ್ತು ಸ್ನಾಯುರಜ್ಜುಗಳು. ನೆಲಕ್ಕೆ ಪಾದ ಊರಿದಾಗಲೆಲ್ಲ ದೇಹದ ಭಾರದ ಎರಡು ಮೂರು ಪಟ್ಟು ಬಲವು ಕಾಲಿನ ಮೇಲೆ ಬೀಳುತ್ತದೆ. ಅದನ್ನು ತಾಳುವ ಗಟ್ಟಿತನವು ಈ ಅಂಗಕ್ಕೆ ಸೇರಿದುದು.

ಈ ಮೂರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ಒಂದೇ ವೇಗದಲ್ಲಿ ಕುಗ್ಗುವುದೂ ಇಲ್ಲ. ರಕ್ತವು ದಿನಗಳ ಲೆಕ್ಕದಲ್ಲಿಯೂ, ಮಾಂಸಖಂಡವು ವಾರಗಳ ಲೆಕ್ಕದಲ್ಲಿಯೂ, ಎಲುಬು ಮತ್ತು ಸ್ನಾಯುರಜ್ಜುಗಳು ತಿಂಗಳುಗಳ ಲೆಕ್ಕದಲ್ಲಿಯೂ ಬದಲಾಗುತ್ತವೆ. ಮುಂದಿನ ವಿಚಾರವೆಲ್ಲ ಈ ಒಂದು ಮಾತನ್ನು ಆಧರಿಸಿದೆ.

2. ಕಳೆಯುವ ಕ್ರಮ

ಓಟವನ್ನು ನಿಲ್ಲಿಸಿದ ಮೊದಲ ಒಂದೆರಡು ವಾರಗಳಲ್ಲಿ ಕುಗ್ಗುವುದು ಮುಖ್ಯವಾಗಿ ರಕ್ತದ ದ್ರವಭಾಗ. ರಕ್ತ ಕಡಿಮೆಯಾದಾಗ ಹೃದಯವು ಒಂದು ಬಡಿತಕ್ಕೆ ಹೊರಹಾಕುವ ಪ್ರಮಾಣವೂ ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಹೃದಯವು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಎರಡು ವಾರ ಬಿಟ್ಟು ಓಡಿದವನಿಗೆ ಹಿಂದಿನ ವೇಗದಲ್ಲಿಯೇ ಏದುಸಿರು ಬರುವುದಕ್ಕೆ ಇದೇ ಕಾರಣ.

ಈ ವಿಷಯವನ್ನು ಅಳತೆ ಮಾಡಿ ನೋಡಿದ ಒಂದು ಪ್ರಸಿದ್ಧ ಅಧ್ಯಯನವು ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾಯಿತು. ಕಾಯ್ಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ದೀರ್ಘಕಾಲದಿಂದ ಕಠಿಣ ಅಭ್ಯಾಸದಲ್ಲಿ ಪಳಗಿದ 7 ಮಂದಿಯ ತರಬೇತಿಯನ್ನು 84 ದಿನಗಳ ಕಾಲ ಪೂರ್ತಿ ನಿಲ್ಲಿಸಿ ಪರೀಕ್ಷಿಸಿದರು. ದೇಹವು ಪರಮಾವಧಿ ಶ್ರಮದಲ್ಲಿ ಬಳಸಬಲ್ಲ ಆಮ್ಲಜನಕದ ಪ್ರಮಾಣವನ್ನೇ ಇಂತಹ ಅಧ್ಯಯನಗಳಲ್ಲಿ ಸಾಮರ್ಥ್ಯದ ಅಳತೆಯಾಗಿ ಹಿಡಿಯುತ್ತಾರೆ. ಅದು ಮೊದಲ ಮೂರು ವಾರಗಳಲ್ಲಿ ಶೇಕಡ 7ರಷ್ಟು ಇಳಿಯಿತು. 56 ದಿನಗಳ ಹೊತ್ತಿಗೆ ಶೇಕಡ 16ರಷ್ಟು ಇಳಿದು, ಬಳಿಕ ಹೆಚ್ಚು ಕಡಿಮೆ ಅಲ್ಲಿಯೇ ನಿಂತಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಂದು, ಇಳಿತವು ಆರಂಭದಲ್ಲಿ ತೀವ್ರವಾಗಿದ್ದು ಬಳಿಕ ಮಂದವಾಯಿತು. ಎರಡು, ಮೂರು ತಿಂಗಳ ನಂತರವೂ ಅವರು ಎಂದೂ ಅಭ್ಯಾಸ ಮಾಡದವರ ಮಟ್ಟಕ್ಕೆ ಇಳಿಯಲಿಲ್ಲ. ಮಾಂಸಖಂಡದೊಳಗಿನ ಮೈಟೋಕಾಂಡ್ರಿಯಾದ ಶಕ್ತಿಯು ಬಹಳಷ್ಟು ಕುಗ್ಗಿದರೂ, ಲೋಮನಾಳಗಳ ಸಮೃದ್ಧಿಯು ಬಹುಮಟ್ಟಿಗೆ ಉಳಿದೇ ಇತ್ತು. ವರ್ಷಗಟ್ಟಲೆ ಮಾಡಿದ ಅಭ್ಯಾಸವು ಮೂರು ತಿಂಗಳ ವಿರಾಮದಲ್ಲಿ ನಿರ್ಮೂಲವಾಗುವುದಿಲ್ಲ. ಆದರೆ ನಾಲ್ಕಾರು ತಿಂಗಳಷ್ಟೇ ಓಡಿ ನಿಲ್ಲಿಸಿದ ಹೊಸಬನ ಗಳಿಕೆಯು ಇಷ್ಟು ಗಟ್ಟಿಯಾಗಿರುವುದಿಲ್ಲ. ಅದು ಕೆಲವು ತಿಂಗಳುಗಳಲ್ಲಿ ಬಹುತೇಕ ಕರಗಿಹೋಗಬಹುದು.

3. ಡಲ್ಲಾಸಿನ ಐವರು

ಅಭ್ಯಾಸವನ್ನು ಬಿಡುವುದು ಬೇರೆ, ಪೂರ್ತಿ ನಿಶ್ಚಲವಾಗಿ ಇರುವುದು ಬೇರೆ. ಈ ಭೇದವನ್ನು ತೋರಿಸುವ ಉದಾಹರಣೆಯು ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ನಡೆದ ಪ್ರಯೋಗ. ಇಪ್ಪತ್ತು ವರ್ಷದ ಆಸುಪಾಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಮಲಗಿಸಿದರು. ಅವರಲ್ಲಿ ಇಬ್ಬರು ವ್ಯಾಯಾಮದ ಅಭ್ಯಾಸವುಳ್ಳವರು, ಮೂವರು ಇಲ್ಲದವರು. ಹಾಸಿಗೆಯಿಂದ ಎದ್ದಾಗ ಅವರ ಪರಮಾವಧಿ ಆಮ್ಲಜನಕ ಬಳಕೆಯು ಸರಾಸರಿ ನಿಮಿಷಕ್ಕೆ 3.3 ಲೀಟರಿನಿಂದ 2.4 ಲೀಟರಿಗೆ, ಅಂದರೆ ನಾಲ್ಕನೆಯ ಒಂದು ಭಾಗಕ್ಕೂ ಮಿಗಿಲಾಗಿ ಕುಸಿದಿತ್ತು. ಬಳಿಕ ಸುಮಾರು ಎಂಟು ವಾರ ಕ್ರಮವಾಗಿ ವ್ಯಾಯಾಮ ಮಾಡಿಸಿದಾಗ ಎಲ್ಲರೂ ಚೇತರಿಸಿಕೊಂಡರು. ಮೊದಲೇ ಅಭ್ಯಾಸವುಳ್ಳವರಿಗೆ ತಮ್ಮ ಹಿಂದಿನ ಮಟ್ಟವನ್ನು ಮುಟ್ಟಲು ಇತರರಿಗಿಂತ ಹೆಚ್ಚು ದಿನ ಹಿಡಿಯಿತು. ಅವರು ಏರಬೇಕಾಗಿದ್ದ ಎತ್ತರವೇ ಹೆಚ್ಚಿನದಾಗಿತ್ತು.

ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಪರೀಕ್ಷಿಸಿದರು. ಆಗ ಅವರಿಗೆ ಐವತ್ತರ ಪ್ರಾಯ. ಅವರ ದೇಹದ ತೂಕವು ಸರಾಸರಿ 77 ಕಿಲೋಗ್ರಾಮಿನಿಂದ 100 ಕಿಲೋಗ್ರಾಮಿಗೆ ಏರಿತ್ತು. ಆದರೂ ಒಟ್ಟು ಆಮ್ಲಜನಕ ಬಳಕೆಯು 2.9 ಲೀಟರಿನಷ್ಟು ಉಳಿದಿತ್ತು. ಮೂವತ್ತು ವರ್ಷಗಳ ವಯೋಧರ್ಮವು ಮಾಡಿದ ಹಾನಿಗಿಂತ ಮೂರು ವಾರಗಳ ನಿಶ್ಚಲತೆಯು ಮಾಡಿದ ಹಾನಿಯೇ ದೊಡ್ಡದೆಂದು ಸಿದ್ಧವಾಯಿತು. ಬಳಿಕ ಆರು ತಿಂಗಳ ಕಾಲ ನಿಧಾನವಾಗಿ ಹೆಚ್ಚಿಸುತ್ತ, ಕೊನೆಗೆ ವಾರಕ್ಕೆ ನಾಲ್ಕೂವರೆ ಗಂಟೆಯಷ್ಟು ನಡಿಗೆ, ಮಂದಗತಿಯ ಓಟ, ಸೈಕಲ್ ಸವಾರಿ ಮಾಡಿಸಿದಾಗ, ಅವರು 1966ರಲ್ಲಿ ಮಲಗುವುದಕ್ಕೆ ಮೊದಲು ಇದ್ದ 3.3 ಲೀಟರಿನ ಮಟ್ಟಕ್ಕೆ ಮರಳಿದರು. ಇಪ್ಪತ್ತರ ಪ್ರಾಯದಲ್ಲಿ ತರಬೇತಿ ಪಡೆದು ಮುಟ್ಟಿದ್ದ ಶಿಖರವನ್ನು ಮಾತ್ರ ಐವರಲ್ಲಿ ಯಾರೂ ಮತ್ತೆ ಮುಟ್ಟಲಿಲ್ಲ.

ಗೃಹಸ್ಥರು ಇದರಿಂದ ಗ್ರಹಿಸಬೇಕಾದುದೇನು? ಓಟವು ನಿಂತರೂ ನಡಿಗೆ ನಿಲ್ಲಬಾರದು. ರೋಗಿಯಾಗಿ ಮಲಗಿದವನು ವೈದ್ಯರ ಅನುಮತಿ ದೊರೆತೊಡನೆ ಮನೆಯೊಳಗಾದರೂ ನಡೆದಾಡತಕ್ಕದ್ದು. ಮತ್ತು ಪ್ರಾಯ ಕಳೆಯಿತೆಂಬ ಕಾರಣದಿಂದ ನಿರಾಶನಾಗತಕ್ಕದ್ದಿಲ್ಲ.

4. ಮರಳುವ ಕ್ರಮ

ಮರಳುವಾಗ ಮೊದಲು ಬರುವುದು ಉಸಿರು. ರಕ್ತದ ದ್ರವಭಾಗವು ಅಭ್ಯಾಸವನ್ನು ಮರಳಿ ಆರಂಭಿಸಿದ ಕೆಲವೇ ದಿನಗಳಲ್ಲಿ ಹೆಚ್ಚತೊಡಗುತ್ತದೆ. ಎರಡು ಮೂರು ವಾರಗಳಲ್ಲಿ ಓಟವು ಹಗುರವೆನಿಸುತ್ತದೆ. ಅಪಾಯವು ಇರುವುದು ಇಲ್ಲಿಯೇ. ಉಸಿರು ಬಂದೊಡನೆ ಕಾಲೂ ಬಂದಿತೆಂಬ ಭ್ರಮೆಯು ಹುಟ್ಟುತ್ತದೆ. ಆದರೆ ಎಲುಬಿನ ಲೆಕ್ಕವೇ ಬೇರೆ. ಹೊಸ ಭಾರ ಬಿದ್ದಾಗ ಎಲುಬು ತನ್ನ ಹಳೆಯ ಭಾಗವನ್ನು ಮೊದಲು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವುದು ವಾರಗಳಲ್ಲಿ ಮುಗಿದರೆ, ಕಟ್ಟುವುದಕ್ಕೆ ತಿಂಗಳುಗಳು ಬೇಕು. ನಡುವಣ ಕಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್ ಎಂಬವರು ದೂರದ ನಡಿಗೆಯಿಂದ ಸೈನಿಕರ ಪಾದಗಳಲ್ಲಿ ಬರುವ ನೋವು ಮತ್ತು ಊತವನ್ನು 1855ರಲ್ಲಿಯೇ ವರ್ಣಿಸಿದ್ದರು. ಅದು ಎಲುಬಿನ ಸಣ್ಣ ಬಿರುಕೆಂಬುದು ಎಕ್ಸ್‌ರೇ ಬಂದ ಮೇಲೆ ತಿಳಿಯಿತು. ಇಂದಿಗೂ ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ ಇಂತಹ ಬಿರುಕು ತರಬೇತಿಯ ಮೊದಲ ಕೆಲವು ವಾರಗಳಲ್ಲಿಯೇ ಹೆಚ್ಚಾಗಿ ಕಾಣುತ್ತದೆ.

ಇದಕ್ಕೊಂದು ದೃಷ್ಟಾಂತ. ನಲವತ್ತೈದು ವರ್ಷದ ಗೃಹಸ್ಥನೊಬ್ಬನು ಎರಡು ವರ್ಷ ಕಾಲ ದಿನವೂ ಅರ್ಧ ಗಂಟೆಯಲ್ಲಿ ಐದು ಕಿಲೋಮೀಟರು ಓಡುತ್ತಿದ್ದನೆಂದು ಭಾವಿಸಬಹುದು. ಮನೆ ಕಟ್ಟಿಸುವ ಗಡಿಬಿಡಿಯಲ್ಲಿ ನಾಲ್ಕು ತಿಂಗಳು ಓಟ ನಿಂತಿತು. ಮರಳಿದ ಮೊದಲ ದಿನ ಅದೇ ವೇಗದಲ್ಲಿ ಹೊರಟು, ಒಂದೂವರೆ ಕಿಲೋಮೀಟರಿನಲ್ಲಿ ಏದುಸಿರು ಬಂದು ನಿಂತನು. ಹಟದಿಂದ ದಿನವೂ ಓಡಿದನು. ಮೂರನೆಯ ವಾರಕ್ಕೆ ಉಸಿರು ಸುಧಾರಿಸಿ ಐದು ಕಿಲೋಮೀಟರು ಮುಗಿಸಿದನು. ನಾಲ್ಕನೆಯ ವಾರದಲ್ಲಿ ಮುಂಗಾಲಿನ ಎಲುಬಿನಲ್ಲಿ ನೋವು ಹುಟ್ಟಿ ಎರಡು ತಿಂಗಳು ಮತ್ತೆ ಕುಳಿತನು. ಮೊದಲ ವಿರಾಮವು ಮನೆಯ ಕೆಲಸದಿಂದ ಬಂದುದು. ಎರಡನೆಯದು ಅವಿವೇಕದಿಂದ ಬಂದುದು. ಅವನು ಇಂದಿನ ಶಕ್ತಿಯಿಂದ ಓಡಲಿಲ್ಲ, ಹಿಂದಿನ ನೆನಪಿನಿಂದ ಓಡಿದನು.

ಹಾಗಾದರೆ ಕ್ರಮವೇನು? ವಿರಾಮವು ಒಂದು ವಾರದೊಳಗಿನದಾದರೆ ಒಂದೆರಡು ದಿನ ಮೆಲ್ಲಗೆ ಓಡಿ ಹಿಂದಿನ ಕ್ರಮಕ್ಕೆ ಬರಬಹುದು. ಎರಡರಿಂದ ನಾಲ್ಕು ವಾರದ್ದಾದರೆ ಹಿಂದಿನ ದೂರದ ಅರ್ಧದಿಂದ ಆರಂಭಿಸಿ, ವಿರಾಮದಷ್ಟೇ ಕಾಲದಲ್ಲಿ ಪೂರ್ತಿಗೆ ಏರತಕ್ಕದ್ದು. ಎರಡು ಮೂರು ತಿಂಗಳನ್ನು ಮೀರಿದ್ದರೆ ಹೊಸಬನಂತೆಯೇ ತೊಡಗುವುದು ಕ್ಷೇಮ. ಮೊದಲ ವಾರ ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ. ಎರಡನೆಯ ವಾರದಿಂದ ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಎಂಟು ಆವೃತ್ತಿ. ಬಳಿಕ ವಾರವಾರಕ್ಕೂ ಓಟದ ಭಾಗವನ್ನು ಕೊಂಚ ಹೆಚ್ಚಿಸಿ, ನಡಿಗೆಯ ಭಾಗವನ್ನು ಕೊಂಚ ಇಳಿಸಿ, ಎಂಟು ಹತ್ತು ವಾರಗಳ ಹೊತ್ತಿಗೆ ಇಪ್ಪತ್ತು ಮೂವತ್ತು ನಿಮಿಷಗಳ ಸತತ ಓಟಕ್ಕೆ ಬರಬಹುದು. ಮೊದಲು ಕಾಲಾವಧಿ ಬೆಳೆಯಲಿ. ವೇಗವು ಅನಂತರದ ಮಾತು. ಜೊತೆಯವರೊಡನೆ ಮಾತನಾಡುತ್ತ ಓಡಬಲ್ಲಷ್ಟು ವೇಗವೇ ಯೋಗ್ಯವಾದ ವೇಗ.

5. ಅಲ್ಪದಿಂದ ಉಳಿಸಿಕೊಳ್ಳುವುದು

ಹೊಸದಾಗಿ ಸಂಪಾದಿಸುವುದಕ್ಕೆ ಬೇಕಾಗುವ ಶ್ರಮಕ್ಕಿಂತ, ಸಂಪಾದಿಸಿದುದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾಗುವ ಶ್ರಮವು ಬಹಳ ಕಡಿಮೆ. ಹಿಕ್ಸನ್ ಎಂಬ ಅಮೆರಿಕದ ವಿಜ್ಞಾನಿ 1981ರಿಂದ 1985ರವರೆಗೆ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಪ್ರಮಾಣ. ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಅಭ್ಯಾಸ ಮಾಡಿದವರು, ಬಳಿಕ ವಾರಕ್ಕೆ 2 ದಿನಕ್ಕೆ ಇಳಿಸಿದರೂ, ಮುಂದಿನ 15 ವಾರ ಪರಮಾವಧಿ ಆಮ್ಲಜನಕ ಬಳಕೆಯನ್ನು ಉಳಿಸಿಕೊಂಡರು. ದಿನಗಳನ್ನು ಹಾಗೆಯೇ ಇಟ್ಟು ಅವಧಿಯನ್ನು 13 ನಿಮಿಷಕ್ಕೆ ಇಳಿಸಿದವರೂ ಅದನ್ನು ಉಳಿಸಿಕೊಂಡರು. ದೀರ್ಘಕಾಲ ತಾಳುವ ಶಕ್ತಿಯು ಮಾತ್ರ ಅವರಲ್ಲಿ ಕುಗ್ಗಿತು. ಆದರೆ ದಿನವನ್ನೂ ಅವಧಿಯನ್ನೂ ಇಳಿಸದೆ ಶ್ರಮದ ತೀವ್ರತೆಯನ್ನು ಇಳಿಸಿದವರು ಗಳಿಸಿದ್ದನ್ನು ಕಳೆದುಕೊಂಡರು.

ಆದುದರಿಂದ ಪರೀಕ್ಷೆ, ಮದುವೆ, ಸುಗ್ಗಿಯ ಕಾಲಗಳಲ್ಲಿ ಪೂರ್ತಿ ಬಿಡುವುದಕ್ಕೆ ಬದಲಾಗಿ, ವಾರಕ್ಕೆ ಎರಡು ದಿನವಾದರೂ ಮಾಮೂಲಿನ ವೇಗದಲ್ಲಿ ಓಡುವುದು ಉತ್ತಮ. ಎಲ್ಲವೂ ಆಗದಿದ್ದರೆ ಏನೂ ಬೇಡವೆಂಬ ಮನೋಭಾವವೇ ಅಭ್ಯಾಸದ ಮೊದಲ ಶತ್ರು.

6. ಪರ್ವದ ದಿನಗಳ ವಿರಾಮ

ಓಟದ ಅಭ್ಯಾಸವುಳ್ಳ ತರುಣರಲ್ಲಿ ಕೆಲವರು ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಏಕಾಶನ ಅಥವಾ ಉಪವಾಸವನ್ನು ಕೈಗೊಂಡರೆ ವರ್ಷದ ಗಳಿಕೆಯೆಲ್ಲ ನಷ್ಟವಾದೀತೆಂದು ಅಳುಕುವುದುಂಟು. ಮೇಲಣ ಅಂಕಿಗಳನ್ನು ನೋಡಿದರೆ ಈ ಅಳುಕಿಗೆ ಆಧಾರವಿಲ್ಲ. ಹತ್ತು ದಿನಗಳ ಓಟದ ವಿರಾಮದಲ್ಲಿ ಇಳಿಯುವುದು ಮುಖ್ಯವಾಗಿ ರಕ್ತದ ದ್ರವಭಾಗ. ಅದು ಮರಳಿ ತುಂಬಿಕೊಳ್ಳುವುದೂ ಬೇಗ. ಪರ್ವದಲ್ಲಿ ಇಳಿದ ತೂಕದಲ್ಲಿಯೂ ಆರಂಭದ ದೊಡ್ಡ ಪಾಲು ನೀರಿನದು ಮತ್ತು ಮಾಂಸಖಂಡ, ಯಕೃತ್ತುಗಳಲ್ಲಿ ಸಂಗ್ರಹವಾಗಿದ್ದ ಪಿಷ್ಟದ್ದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಉಪವಾಸದ ದಿನವೂ ಓಟವನ್ನು ಬಿಡಲಾರೆನೆಂಬುದು ವ್ರತಕ್ಕೂ ಹಿತವಲ್ಲ, ದೇಹಕ್ಕೂ ಹಿತವಲ್ಲ. ನೀರನ್ನೂ ತ್ಯಜಿಸಿದ ದಿನ ಓಡಿ ಬೆವರಿದರೆ, ರಕ್ತವು ಮತ್ತಷ್ಟು ಕುಗ್ಗಿ ತಲೆ ಸುತ್ತಿ ಬೀಳುವ ಸಂಭವವುಂಟು. ಅಂದು ಜಿನಮಂದಿರಕ್ಕೆ ಹೋಗಿಬರುವ ನಡಿಗೆಯೇ ಸಾಕು. ಏಕಾಶನದ ದಿನಗಳಲ್ಲಿ ತಂಪು ಹೊತ್ತಿನ ನಡಿಗೆ ಸಾಕು. ಒಂದೆರಡು ದಿನದ ಉಪವಾಸವಾದರೆ ಪಾರಣೆಯ ದಿನವೂ ಮರುದಿನವೂ ವಿಶ್ರಾಂತಿ ಪಡೆದು, ಮೂರನೆಯ ದಿನ ಮೆಲ್ಲಗೆ ತೊಡಗಬಹುದು. ಎಂಟು ಹತ್ತು ದಿನಗಳ ಅಖಂಡ ಉಪವಾಸವಾದರೆ ಮಾಂಸಖಂಡವೂ ಸವೆದಿರುತ್ತದೆ. ಆಗ ಉಪವಾಸದ ದಿನಗಳಷ್ಟಾದರೂ ದಿನಗಳನ್ನು ನಡಿಗೆಯಲ್ಲಿ ಕಳೆದು, ಆಹಾರವು ಮೊದಲಿನ ಪ್ರಮಾಣಕ್ಕೆ ಬಂದ ಮೇಲೆಯೇ ಓಡತಕ್ಕದ್ದು.

ರಾತ್ರಿಭೋಜನವನ್ನು ತ್ಯಜಿಸಿದವರು ಸೂರ್ಯಾಸ್ತದಿಂದ ಮರುದಿನ ಬೆಳಗಿನವರೆಗೆ, ಕೆಲವರು ಸೂರ್ಯೋದಯವಾಗಿ ಎರಡು ಘಳಿಗೆ ಕಳೆಯುವವರೆಗೆ, ನೀರನ್ನೂ ಸೇವಿಸುವುದಿಲ್ಲ. ಅಂಥವರು ಸಂಜೆಯ ಊಟದೊಡನೆ ಸಾಕಷ್ಟು ನೀರು ಕುಡಿದಿದ್ದರೆ ಬೆಳಗಿನ ಇಪ್ಪತ್ತು ಮೂವತ್ತು ನಿಮಿಷಗಳ ಓಟಕ್ಕೆ ತೊಂದರೆಯಿಲ್ಲ. ಒಂದು ಗಂಟೆಯನ್ನು ಮೀರುವ ಓಟವನ್ನು ನೀರು ಸೇವಿಸಿದ ನಂತರಕ್ಕೆ ಇಟ್ಟುಕೊಳ್ಳಬೇಕು. ಷೋಡಶ ಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿತಃ, ಅಂದರೆ ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ಆಚರಿಸಬೇಕೆಂದು ಹೇಳಿರುವುದನ್ನು ಶ್ರಾವಕರು ಬಲ್ಲರು. ವ್ಯಾಯಾಮವು ತಪಸ್ಸಲ್ಲ, ಆದರೂ ಶಕ್ತಿಯನ್ನು ಅಳೆದು ನಡೆಯುವ ವಿವೇಕವು ಎರಡೆಡೆಯೂ ಬೇಕಾದುದೇ.

7. ಶಂಕೆ – ಸಮಾಧಾನ

ಶಂಕೆ: ಮರಳಿ ಓಡುವಾಗ ಬರುವ ಏದುಸಿರು ಹೃದಯರೋಗದ ಲಕ್ಷಣವೆ?
ಸಮಾಧಾನ: ವೇಗವನ್ನು ಇಳಿಸಿದೊಡನೆ ಕೆಲವು ನಿಮಿಷಗಳಲ್ಲಿ ಶಮನವಾಗುವ, ವಾರದಿಂದ ವಾರಕ್ಕೆ ಕಡಿಮೆಯಾಗುವ ಏದುಸಿರು ಸಾಮಾನ್ಯವಾಗಿ ಅಭ್ಯಾಸ ತಪ್ಪಿದುದರ ಫಲ. ಎದೆಯಲ್ಲಿ ಹಿಂಡಿದಂತಹ ನೋವು, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಪ್ರಜ್ಞೆ ತಪ್ಪುವಿಕೆ ಕಂಡರೆ ಓಟವನ್ನು ಒಡನೆಯೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಉಳ್ಳವರೂ, ನಲವತ್ತು ದಾಟಿ ಬಹುಕಾಲ ಕುಳಿತೇ ಇದ್ದವರೂ ತೊಡಗುವ ಮೊದಲೇ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಶಂಕೆ: ಯಾವ ನೋವನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು?
ಸಮಾಧಾನ: ಮರುದಿನ, ಮೂರನೆಯ ದಿನ ತೊಡೆ ಮೀನಖಂಡಗಳಲ್ಲಿ ಎರಡು ಕಾಲಿಗೂ ಸಮನಾಗಿ ಬರುವ ಹಿಡಿತವು ತಾನಾಗಿಯೇ ಇಳಿಯುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಎಲುಬಿನ ಮೇಲೆ ನೋವು ನಿಂತರೆ, ಅಥವಾ ಬೆಳಿಗ್ಗೆ ಎದ್ದೊಡನೆ ಹಿಮ್ಮಡಿ ಊರಲಾಗದಿದ್ದರೆ, ಓಟವನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.

ಶಂಕೆ: ಜ್ವರ ಬಿಟ್ಟ ಮರುದಿನವೇ ಓಡಬಹುದೆ?
ಸಮಾಧಾನ: ಕೂಡದು. ಕೆಲವು ಸೋಂಕುಗಳು ಹೃದಯದ ಮಾಂಸಖಂಡವನ್ನೂ ತಟ್ಟುತ್ತವೆ. ಆ ಸ್ಥಿತಿಯಲ್ಲಿ ಶ್ರಮವು ಪ್ರಾಣಾಪಾಯಕರ. ಜ್ವರವೂ ಮೈಕೈ ನೋವೂ ಪೂರ್ತಿ ಹೋಗಿ, ನಿತ್ಯದ ಕೆಲಸಗಳಲ್ಲಿ ಆಯಾಸ ಕಾಣದೆ ಕೆಲವು ದಿನ ಕಳೆದ ಮೇಲೆ ನಡಿಗೆಯಿಂದ ತೊಡಗಬೇಕು.

ಶಂಕೆ: ಹತ್ತಾರು ವರ್ಷ ಬಿಟ್ಟವರಿಗೆ, ವೃದ್ಧರಿಗೆ, ಮರಳುವ ದಾರಿಯುಂಟೆ?
ಸಮಾಧಾನ: ಉಂಟು. ಪಂಜಾಬಿನ ಜಲಂಧರ್ ಬಳಿಯ ಹಳ್ಳಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಅವರು ಯೌವನದ ಓಟವನ್ನು 1947ರ ವಿಭಜನೆಯ ಕಾಲದಲ್ಲಿ ಬಿಟ್ಟವರು. ಇಳಿವಯಸ್ಸಿನಲ್ಲಿ ಮರಳಿ ತೊಡಗಿ, 2000ದಲ್ಲಿ ಲಂಡನ್ನಿನ ಮ್ಯಾರಥಾನ್ ಓಟವನ್ನು, 2011ರಲ್ಲಿ ಟೊರಾಂಟೊದ ಮ್ಯಾರಥಾನನ್ನು ಪೂರೈಸಿದರು. ಪಾಸ್‌ಪೋರ್ಟಿನ ಪ್ರಕಾರ ಅವರು ಹುಟ್ಟಿದ್ದು 1911ರಲ್ಲಿ. ಜನನಪತ್ರವಿಲ್ಲದ ಕಾರಣ ಗಿನ್ನೆಸ್ ಸಂಸ್ಥೆಯು ದಾಖಲೆಯನ್ನು ಅಂಗೀಕರಿಸಲಿಲ್ಲ. ಸಸ್ಯಾಹಾರಿಯಾಗಿದ್ದ ಅವರು 2025ರಲ್ಲಿ ನಿಧನರಾದರು. ಎಲ್ಲ ವೃದ್ಧರೂ ಹೀಗೆ ಓಡಬೇಕೆಂದಲ್ಲ. ಐವತ್ತು ವರ್ಷ ಬಿಟ್ಟ ದಾರಿಯೂ ಮುಚ್ಚಿಹೋಗಿರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಸಾರಾಂಶ: ವಿರಾಮದಲ್ಲಿ ಬೇಗ ಕಳೆಯುವುದು ಬೇಗ ಮರಳುತ್ತದೆ, ನಿಧಾನವಾಗಿ ಕಟ್ಟುವುದಕ್ಕೆ ಕಾಲವನ್ನು ಕೊಡಬೇಕು. ಉಸಿರಿನ ಮಾತನ್ನು ಕೇಳಿ ಕಾಲನ್ನು ದುಡಿಸಬಾರದು.

ಮನನಕ್ಕೆ ಪ್ರಶ್ನೆಗಳು

1. ಓಟದ ಸಾಮರ್ಥ್ಯದ ಮೂರು ಅಂಗಗಳು ಯಾವುವು? ಅವು ಬದಲಾಗುವ ಕಾಲದ ಲೆಕ್ಕವೇನು?
2. ಡಲ್ಲಾಸಿನ ಪ್ರಯೋಗದಲ್ಲಿ ಮೂರು ವಾರದ ನಿಶ್ಚಲತೆಗೂ ಮೂವತ್ತು ವರ್ಷದ ವಯೋಧರ್ಮಕ್ಕೂ ಕಂಡ ವ್ಯತ್ಯಾಸವನ್ನು ಅಂಕಿಗಳೊಡನೆ ಹೇಳಿರಿ.
3. ದೃಷ್ಟಾಂತದ ಗೃಹಸ್ಥನಿಗೆ ನೋವು ಮೊದಲ ವಾರದಲ್ಲಿ ಬಾರದೆ ನಾಲ್ಕನೆಯ ವಾರದಲ್ಲಿ ಬಂದುದೇಕೆ?
4. ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡಿದವನೂ, ಹತ್ತು ದಿನ ಉಪವಾಸ ಮಾಡಿದವನೂ ಓಟಕ್ಕೆ ಮರಳುವ ಕ್ರಮದಲ್ಲಿ ಏನು ಭೇದವಿರಬೇಕು?